ಬ್ರೆಡ್ಡಿನ ಮುದ್ರೆ ಮತ್ತು ಬೊಂಬಾ

ಮೊನ್ನೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ ಕೌಂಟರಿನ ಹುಡುಗಿ "ಮಿಸ್ಟರ್ ಕಾಯ್" ಎಂದು ಕೂಗಿದಳು. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದ ಮೇಲೆ ನಾನು ಎದ್ದೆ. ಆಕೆ ನನ್ನ ಬೆನ್ನ ಹಿಂದೆ ಯಾರಾದರೂ ಚೀನೀ ಮನುಷ್ಯ ಬರುತ್ತಿದ್ದಾನೆಯೇ ಎಂದು ಇಣುಕಿ ನೋಡಿದಳು. ಪೆನಾಂಗಿಗೆ ಬಂದು ಇಷ್ಟು ವರ್ಷವಾದರೂ ಈ ಇಣುಕುನೋಟ ನನಗೆ ತಪ್ಪಿಲ್ಲ.

ನನ್ನ ಅಡ್ಡಹೆಸರು ಮೆಣಸಿನಕಾಯಿ. ಬ್ಯಾಡಗಿ ಕಡೆಯವರಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಓಣಿಯಲ್ಲಿ ಉಳ್ಳಾಗಡ್ಡಿಯವರಿದ್ದರು, ಬೆಣ್ಣಿಯವರಿದ್ದರು, ಹಿಟ್ಟಿನವರಿದ್ದರು. ಹಾಜರಿ ಕರೆಯುತ್ತಾ ಹೋದರೆ ಮಾಸ್ತರರಿಗೆ ಹಸಿವಾಗುತ್ತಿತ್ತು. ಆದರೆ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯ ಗುರುತಿನ ಚೀಟಿಯಲ್ಲಿ ಅಷ್ಟುದ್ದದ ಹೆಸರು ಹಿಡಿಸಲಿಲ್ಲ. ಅವರು ಬಾಲವನ್ನಷ್ಟೇ ಉಳಿಸಿಕೊಂಡರು. ಇಪೋ ಕಡೆಯ ಚೀನೀ ಸಹೋದ್ಯೋಗಿಯೊಬ್ಬ ತಮ್ಮ ಮಾತಿನಲ್ಲಿ ಕಾಯ್ ಅಂದರೆ ಕೋಳಿ ಎಂದು ಸಂತೋಷದಿಂದ ತಿಳಿಸಿದ. ಊರಲ್ಲಿ ಮೆಣಸಿನಕಾಯಿ, ಇಲ್ಲಿ ಕೋಳಿ. ಎರಡನ್ನೂ ಸೇರಿಸಿದರೆ ಒಂದು ಒಳ್ಳೆಯ ಊಟವಾಗುತ್ತದೆ, ಮನುಷ್ಯನಾಗುವುದಿಲ್ಲ.

ಇಷ್ಟು ವರ್ಷದಲ್ಲಿ ನನ್ನ ಪೂರ್ತಿ ಹೆಸರಿನ ಅರ್ಥ ಕೇಳಿ ನಗದೇ ಇದ್ದವನು ಒಬ್ಬನೇ. ಅವನು ವಿಟೋ. ಇಟಲಿಯವನು. ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದವನು ಇಲ್ಲೇ ನಿಂತುಬಿಟ್ಟಿದ್ದ, ನಮ್ಮ ಕಾಂಡೋದಲ್ಲೇ ಒಂಬತ್ತನೆಯ ಮಹಡಿಯಲ್ಲಿ ನಮ್ಮ ಪಕ್ಕದ ಮನೆ ಹಿಡಿದಿದ್ದ. ಮೊದಲ ದಿನ ಇಲ್ಲಿಯವರು ಮಾಮಕ್ ಎನ್ನುವ ತಮಿಳು ಮುಸಲ್ಮಾನರ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಹೆಸರಿನ ಅರ್ಥ ಹೇಳಿದೆ. ಅವನು ಗಂಭೀರವಾಗಿ ಯೋಚಿಸಿ ಕೇಳಿದ:

"ಹಸಿಯದೋ, ಒಣಗಿದ್ದೋ?"

ನನಗೆ ಆ ಕ್ಷಣವೇ ಇವನು ನಮ್ಮವನು ಅನ್ನಿಸಿತು.

ಆಮೇಲೆ ತಿಳಿಯಿತು, ಅವನ ಊರಲ್ಲೂ ಇದೇ ಕಥೆಯಂತೆ. ದಕ್ಷಿಣ ಇಟಲಿಯ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಅವನ ಊರು. ಫೋಟೋದಲ್ಲಿ ನೋಡಿದರೆ ಯಾರೋ ಕಲ್ಲಿನ ಪೆಟ್ಟಿಗೆಗಳನ್ನು ಮೂಟೆಯಿಂದ ಸುರಿದು, ಉರುಳಿ ಬೀಳದಂತೆ ಒತ್ತಿ ಹೋದ ಹಾಗಿದೆ. ಒಬ್ಬರ ಮಾಳಿಗೆ ಮತ್ತೊಬ್ಬರ ಅಂಗಳ. ಓಣಿಗಳಲ್ಲಿ ಕತ್ತೆ ಹೋಗುತ್ತದೆ, ಕಾರು ಹೋಗುವುದಿಲ್ಲ. ಆ ಊರಿನ ಅರ್ಧ ಜನರಿಗೆ ಒಂದೇ ಮನೆತನದ ಹೆಸರು. ಹಾಗಾಗಿ ಪ್ರತಿ ಮನೆಗೂ ಒಂದು ಅಡ್ಡಹೆಸರು ಬೇಕೇ ಬೇಕು. ವಿಟೋನ ಮನೆಗೆ "ಗಂಟೆ ನುಂಗಿದವರು" ಎಂದು ಹೆಸರು. ಅವನ ಮುತ್ತಜ್ಜನ ದನಿ ಅಷ್ಟು ದೊಡ್ಡದಿತ್ತಂತೆ. ಆತ ಹೊಲದಿಂದ ಹೆಂಡತಿಯನ್ನು ಕರೆದರೆ ಚರ್ಚಿಗೆ ಹೊತ್ತಾಯಿತೆಂದು ಜನ ಹೊರಡುತ್ತಿದ್ದರಂತೆ. ಪಾದ್ರಿ ಬಂದು ದೂರು ಹೇಳಿದ್ದರಂತೆ. ಈಗ ಆ ಊರಲ್ಲಿ ಶಾಲೆ ಮುಚ್ಚಿದೆ, ಬೇಕರಿ ವಾರಕ್ಕೆ ಎರಡು ದಿನ ತೆರೆಯುತ್ತದೆ, ಅಂಚೆಯವನು ಮಾತ್ರ ಇಂದಿಗೂ ಗಂಟೆ ನುಂಗಿದವರ ಮನೆ ಎಂದೇ ಕಾಗದ ಕೊಡುತ್ತಾನೆ.

ಹೀಗಿರುವಾಗ ವಿಟೋನ ತಾಯಿ ಮೂರು ತಿಂಗಳ ಮಟ್ಟಿಗೆ ಮಗನನ್ನು ನೋಡಲು ಬಂದರು. ಹೆಸರು ಡೊನಾಟಾ. ಎಪ್ಪತ್ತು ದಾಟಿದವರು, ಗಟ್ಟಿಮುಟ್ಟಾದ ಮೈ, ಕಪ್ಪು ಬಟ್ಟೆ, ಕಿವಿಯಲ್ಲಿ ಚಿನ್ನದ ಓಲೆ. ಆ ವಾರವೇ ಬ್ಯಾಡಗಿಯಿಂದ ನನ್ನ ಅವ್ವನೂ ಬಂದಳು. ಅವ್ವ ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಮೇಲೆ ದರ್ಬಾರು ನಡೆಸಿಕೊಂಡು ಸುಖವಾಗಿರುವವಳು. ಆಗಾಗ ಆ ಸುಖ ಬೇಸರವಾದಾಗ ನನ್ನ ಮನೆಗೆ ಬಂದು ಇಲ್ಲಿಯ ವ್ಯವಸ್ಥೆ ಸರಿ ಮಾಡಿ ಹೋಗುತ್ತಾಳೆ.

ಒಂದು ಸಂಜೆ ಕಾರು ನಿಲ್ಲಿಸಿ ಮೇಲೆ ನೋಡಿದೆ. ಒಂಬತ್ತನೆಯ ಮಹಡಿಯ ಬಾಲ್ಕನಿಯಿಂದ ಕೆಂಪು ಮೆಣಸಿನಕಾಯಿಯ ಉದ್ದನೆಯ ಸರ ಇಳಿಬಿದ್ದಿತ್ತು. ಅವ್ವನ ಕೆಲಸವೇ ಎಂದು ಹೆದರಿದೆ, ಏಕೆಂದರೆ ನಮ್ಮ ಕಾಂಡೋದ ಆಡಳಿತದವರು ಬಾಲ್ಕನಿಯಲ್ಲಿ ಟವೆಲ್ ಒಣಗಿಸಿದರೂ ನೋಟೀಸು ಕೊಡುವವರು. ಮನೆಗೆ ಓಡಿ ಬಂದರೆ ಅವ್ವ ನಮ್ಮ ಬಾಲ್ಕನಿಯಲ್ಲಿ ನಿಂತು ಪಕ್ಕದ ಬಾಲ್ಕನಿಯತ್ತ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು.

"ಈ ತೇವದ ಗಾಳಿಯೊಳಗ ಯಾರಿವರು ಮೆಣಸಿನಕಾಯಿ ಜೋತು ಬಿಟ್ಟಾರ? ನಾಳೆಗೆ ಬೂಜು ಹಿಡೀತಾವು. ನಡಿ, ಹೇಳಿ ಬರೋಣು."

ಬೇಡ ಅಂದರೆ ಕೇಳುವ ಹೆಂಗಸಲ್ಲ. ಬಾಗಿಲು ತೆರೆದ ಡೊನಾಟಾ ಅವರಿಗೆ ಅವ್ವ ಅಚ್ಚ ಬ್ಯಾಡಗಿ ಕನ್ನಡದಲ್ಲಿ ಬೂಜಿನ ವಿಷಯ ವಿವರಿಸಿದಳು. ಅವರು ತಮ್ಮ ಗುಡ್ಡದ ಮಾತಿನಲ್ಲಿ, ಇಟಲಿಯ ಉತ್ತರದವರಿಗೂ ತಿಳಿಯದೆಂದು ವಿಟೋ ಹೇಳುವ ಮಾತಿನಲ್ಲಿ, ಏನೋ ಉತ್ತರ ಕೊಟ್ಟರು. ಇಬ್ಬರೂ ಎದುರಿನವರಿಗೆ ಕಿವಿ ಮಂದ ಎಂದು ಭಾವಿಸಿ ದನಿ ಏರಿಸುತ್ತಾ ಹೋದರು. ಕೊನೆಗೆ ಅವ್ವ ಸರದಿಂದ ಒಂದು ಕಾಯಿ ಕಿತ್ತು ಕಚ್ಚಿದಳು. ಅದು ಅವರ ಊರಿನ ತಳಿ. ದಪ್ಪ, ಕೆಂಪು, ಸುಕ್ಕುಸುಕ್ಕು, ನೋಡಲು ನಮ್ಮ ಬ್ಯಾಡಗಿಯ ದೊಡ್ಡಪ್ಪನ ಮಗನಂತೆ. ಆದರೆ ಖಾರವೇ ಇಲ್ಲ. ಅವರು ಅದನ್ನು ಎಣ್ಣೆಯಲ್ಲಿ ಕರಿದು ಹಪ್ಪಳದ ಹಾಗೆ ತಿನ್ನುತ್ತಾರೆ. ಅವ್ವ ಸ್ವಲ್ಪ ಹೊತ್ತು ಅಗಿದು, "ಬಣ್ಣ ಚಲೋ ಐತಿ. ಆದರ ಇದಕ್ಕ ಸಿಟ್ಟ ಬರಂಗಿಲ್ಲ" ಎಂದು ತೀರ್ಪು ಕೊಟ್ಟಳು. ಮನೆಗೆ ಬಂದು ಸಿಟ್ಟು ಬರುವಂಥದ್ದೊಂದನ್ನು ಡಬ್ಬಿಯಿಂದ ಒಯ್ದು ಕೊಟ್ಟಳು. ಅದನ್ನು ತಿಂದ ಡೊನಾಟಾ ಅವರು ಕಣ್ಣಲ್ಲಿ ನೀರು ಸುರಿಸುತ್ತಾ ಅವ್ವನ ಕೈ ಹಿಡಿದುಕೊಂಡರು. ವಿಟೋ ಗಾಬರಿಯಾಗಿ ಮೊಸರಿಗೆ ಓಡಿದ. ಗೆಳೆತನ ಶುರುವಾದದ್ದು ಹಾಗೆ.

ಮರುದಿನ ಆ ಸರ ನಮ್ಮ ಈಜುಕೊಳದ ಪಕ್ಕ, ಬಿಸಿಲು ಕಾಯಿಸಿಕೊಳ್ಳುವವರಿಗೆಂದು ಹಾಕಿದ ಒರಗುಕುರ್ಚಿಗಳ ಮೇಲೆ ಹರಡಿಕೊಂಡಿತ್ತು. ಇಬ್ಬರು ಮುದುಕಿಯರು ಆಚೆಗೊಬ್ಬರು ಈಚೆಗೊಬ್ಬರು ಕಾವಲು. ಸೆಕ್ಯುರಿಟಿಯ ರಹೀಮ್ ಬಂದು, "ಆಂಟಿ, ಕೆನಾಟ್ ಲಾ" ಎಂದು ಮೆಲ್ಲಗೆ ಹೇಳಿದ. ಅವ್ವ ಅವನ ಕೈಗೆ ಒಂದು ಹಿಡಿ ಕಾಯಿ ಕೊಟ್ಟು, ಹೆಂಡತಿಗೆ ಕೊಡು ಎಂದು ಸನ್ನೆ ಮಾಡಿದಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಆಮೇಲೆ ಆ ಕಡೆ ಅವನ ಗಸ್ತು ಕಡಿಮೆಯಾಯಿತು.

ಹೆಸರುಗಳೂ ಬದಲಾದವು. ಡೊನಾಟಾ ಅವ್ವನ ಬಾಯಲ್ಲಿ ದಾನಮ್ಮ ಆದರು. ವಿಟೋ ವಿಠೋಬಾ ಆದ. ಅವನಿಗೆ ಅದು ಹಿಡಿಸಿ, ನಾನು ಕರೆದರೆ ಓಗೊಡದಿದ್ದರೂ ಅವ್ವ ವಿಠೋಬಾ ಅಂದರೆ ಎದ್ದು ನಿಲ್ಲುತ್ತಿದ್ದ. ಒಂದು ದಿನ ಅವ್ವನಿಗೆ ತಲೆನೋವು ಬಂತು. ದಾನಮ್ಮ ಒಂದು ತಟ್ಟೆಯಲ್ಲಿ ನೀರು ತಂದು, ಅದರಲ್ಲಿ ಬೆರಳಿನಿಂದ ಎಣ್ಣೆಯ ಹನಿ ಬಿಟ್ಟು, ತುಟಿಯಲ್ಲೇ ಏನೋ ಹೇಳಿಕೊಂಡು, ಅವ್ವನ ಹಣೆ ಮುಟ್ಟಿದರು. ಎಣ್ಣೆ ನೀರಿನ ಮೇಲೆ ಹರಡಿತು. ಕಣ್ಣು ಬಿದ್ದಿದೆ ಎಂದು ಅದರ ಅರ್ಥವಂತೆ. ಮಾತ್ರೆಯನ್ನೂ ನುಂಗಿದ್ದ ಅವ್ವನಿಗೆ ತಲೆನೋವು ಬಿಟ್ಟಿತು. ಅದರ ಶ್ರೇಯಸ್ಸು ಎಣ್ಣೆಗೆ ಸಂದಿತು. "ಇಷ್ಟ ದೂರದಾಗ ದೃಷ್ಟಿ ತಗಿಯಾಕ ಬರೋ ಒಬ್ಬಾಕಿನಾದರೂ ಸಿಕ್ಕಳಲ್ಲ" ಎಂದು ಅವ್ವ ನಿಟ್ಟುಸಿರು ಬಿಟ್ಟಳು.

ಇಷ್ಟೆಲ್ಲ ಸರಿ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ಅನ್ನ ಕಲಸುತ್ತಾ ಹೇಳಿದಳು, ದಾನಮ್ಮಗ ಒಬ್ಬಾಕಿ ತಂಗಿ ಅದಾಳ, ಎದುರು ಮನಿಯಾಗ ಇರ್ತಾಳ, ಇಬ್ಬರಿಗೂ ಮಾತಿಲ್ಲ ಎಂದು. ನನ್ನ ಹೆಂಡತಿ ಸವಿತಾ ನಕ್ಕಳು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಮಗಳು ಅನನ್ಯಾ, "ಅಜ್ಜಿ ಈಸ್ ಜಸ್ಟ್ ಗೆಸ್ಸಿಂಗ್ ಲಾ" ಎಂದಳು. ನಾನೂ ಹಾಗೇ ಅಂದುಕೊಂಡೆ. ಭಾಷೆಯೇ ಇಲ್ಲದೆ ಊಹಿಸಿ ಕಟ್ಟಿದ ಸೀರಿಯಲ್ಲು ಅಂತ.

ಮರುದಿನ ಮಾಮಕ್‌ನಲ್ಲಿ ವಿಟೋನಿಗೆ ತಮಾಷೆಯೆಂಬಂತೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ನಿನ್ನ ತಾಯಿಗೆ ಇದನ್ನು ಯಾರು ಹೇಳಿದರು? ಹತ್ತು ವರ್ಷದ ಮೇಲಾಯಿತು, ನಮ್ಮ ಮನೆಯಲ್ಲಿ ಆ ಹೆಸರನ್ನೇ ಯಾರೂ ಎತ್ತುವುದಿಲ್ಲ."

ಸಂಜೆ ಅವ್ವನನ್ನೇ ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. "ಒಂದು ಕಿಟಕಿ ತಗದು ತೋರಿಸಿದಳು. ಕೈಗೆ ಸಿಗೋವಷ್ಟು ಹತ್ತಿರ ಇನ್ನೊಂದು ಕಿಟಕಿ ತೋರಿಸಿದಳು. ಅದರಾಗ ತನ್ನ ಹಂಗ ಮಾರಿ ಇದ್ದ ಸಣ್ಣಾಕಿ ಒಬ್ಬಾಕಿ ಅಂತ ಸನ್ನಿ ಮಾಡಿದಳು. ಆಮ್ಯಾಲ ಮಾರಿ ತಿರುವಿ ಕಿಟಕಿ ಹಾಕಿದಳು. ಕಣ್ಣಾಗ ನೀರು ಬಂತು. ಇದಕ್ಕ ಯಾವ ಭಾಷಾ ಬೇಕಲೇ?"

ಜಗಳದ ಕಥೆಯನ್ನು ವಿಟೋ ಹೇಳಿದ್ದು ಹೀಗೆ. ಹಿಂದೆ ಆ ಊರಿಗೆಲ್ಲ ಒಂದೇ ಒಲೆ, ಕಲ್ಲಿನಲ್ಲಿ ಕೊರೆದ ದೊಡ್ಡ ಗವಿಯಂಥದ್ದು. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಆ ಒಲೆಗೆ ಒಯ್ಯುತ್ತಿದ್ದರು. ಒಂದೊಂದು ಬ್ರೆಡ್ಡು ಕೂಸಿನಷ್ಟು ದೊಡ್ಡದು, ವಾರವಿಡೀ ತಿನ್ನುವಂಥದ್ದು. ಬೆಂದ ಮೇಲೆ ಯಾರದು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಮನೆಗೂ ಒಂದು ಮರದ ಮುದ್ರೆ. ಹಸಿ ಹಿಟ್ಟಿನ ಮೇಲೆ ಅದನ್ನು ಒತ್ತುತ್ತಿದ್ದರು. ಕುರಿ ಕಾಯುವವರು ಗುಡ್ಡದ ಮೇಲೆ ಕೂತು ಬೇಸರ ಕಳೆಯಲು ಇಂಥವನ್ನು ಕೆತ್ತುತ್ತಿದ್ದರಂತೆ. ದಾನಮ್ಮನ ಅಪ್ಪ ಕೆತ್ತಿದ್ದ ಮುದ್ರೆಯ ಹಿಡಿಕೆ ಒಂದು ಹುಂಜ. ಅಮ್ಮ ತೀರಿಕೊಂಡ ಮೇಲೆ ನೋಡಿದರೆ ಆ ಮುದ್ರೆ ಇರಲಿಲ್ಲ. ಅಕ್ಕ ಬಚ್ಚಿಟ್ಟಿದ್ದಾಳೆ ಎಂದು ತಂಗಿ ಕಾರ್ಮೆಲಾ, ತಂಗಿ ಒಯ್ದಿದ್ದಾಳೆ ಎಂದು ದಾನಮ್ಮ. ಒಲೆ ಆರಿ ಎಷ್ಟೋ ಕಾಲವಾಗಿತ್ತು, ಮುದ್ರೆಯಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಆದರೂ ಅಂದಿನಿಂದ ಕಿಟಕಿ ಮುಚ್ಚಿತು. ಉಪ್ಪು ಬೇಕಾದರೆ ಕೈ ಚಾಚಿ ಇಸಿದುಕೊಳ್ಳಬಹುದಾದಷ್ಟು ಕಿರಿದಾದ ಓಣಿಯ ಎರಡೂ ಬದಿಯಲ್ಲಿ ಇಬ್ಬರೂ ಪರದೆ ಹಾಕಿಕೊಂಡು ಮುದುಕಿಯರಾದರು.

ಈಗ ಕಾರ್ಮೆಲಾ ಮನೆ ಮುಚ್ಚಿ ಉತ್ತರದಲ್ಲಿರುವ ಮಗಳ ಹತ್ತಿರ ಹೋಗುವವಳಿದ್ದಳು. ದಾನಮ್ಮ ವಾಪಸು ಹೋಗುವ ಹೊತ್ತಿಗೆ ಎದುರು ಕಿಟಕಿಯ ಹಿಂದೆ ಯಾರೂ ಇರುವುದಿಲ್ಲ. ವಿಟೋ ತಾಯಿಗೆ ಈ ಸುದ್ದಿ ಹೇಳಿದ್ದ. ಅವರು "ಹೋಗಲಿ" ಅಂದಿದ್ದರಂತೆ. ಆಮೇಲೆ ಎರಡು ದಿನ ಊಟ ಮಾಡಿರಲಿಲ್ಲವಂತೆ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಇದು ಬೇರೆಯವರ ಮನೆಯ ವಿಷಯ, ನೀನು ನಡುವೆ ಹೋಗಬೇಡ ಎಂದೂ ಸೇರಿಸಿದೆ. ಅವ್ವ ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತಾ ಕೂತಳು.

"ನಾನೂ ಶಾಂತಕ್ಕನ ಜೋಡಿ ಮಾತಾಡಬೇಕು ಅಂತ ಅನ್ಕೋತನ ಇದ್ದೆ" ಎಂದಳು.

ಶಾಂತಕ್ಕ ಅವ್ವನ ಸ್ವಂತ ಅಕ್ಕ. ಹಾವೇರಿಯಲ್ಲಿದ್ದಳು. ಯಾರದೋ ಮದುವೆಯಲ್ಲಿ ಆಯಾರಿಗೆ, ಅಂದರೆ ಉಡುಗೊರೆಗೆ, ಕೊಟ್ಟ ಸೀರೆ ಅಗ್ಗದ್ದಾಯಿತೆಂದು ಇಬ್ಬರಿಗೂ ಮಾತು ನಿಂತಿತ್ತು. ದೀಪಾವಳಿಗೆ ಹೋಗುತ್ತೇನೆ ಅನ್ನುತ್ತಿದ್ದವಳು ಅದಕ್ಕೂ ಮೊದಲೇ ಅಕ್ಕನ ಮಣ್ಣಿಗೆ ಹೋಗಬೇಕಾಯಿತು.

ಆ ವಾರದ ಕೊನೆಗೆ ನಮ್ಮ ಮನೆಯಲ್ಲಿ ದಾನಮ್ಮನ ಊರಿನ ದರ್ಶನ. ಇದು ಅವ್ವನ ಅಪ್ಪಣೆ. ದಾನಮ್ಮ ಎಂಥಾ ಊರಾಗ ಇರ್ತಾರ, ಟಿವಿಯೊಳಗ ತೋರಿಸು ಎಂದಿದ್ದಳು. ನಾನು ಫೋನನ್ನು ಟಿವಿಗೆ ಜೋಡಿಸಿ ಊರಿನ ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಸವಿತಾ ಮಂಡಕ್ಕಿ ಮಿರ್ಚಿ ಮಾಡಿದ್ದಳು. ದಾನಮ್ಮ ಪ್ರತಿ ಚಿತ್ರಕ್ಕೂ ವ್ಯಾಖ್ಯಾನ ಕೊಟ್ಟರು, ವಿಟೋ ಅದನ್ನು ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತಂದೆ. ಅಷ್ಟರೊಳಗೆ ಅವ್ವ ದಾನಮ್ಮನಿಗೆ ಉತ್ತರ ಕೊಟ್ಟಾಗಿರುತ್ತಿತ್ತು. ಇದು ಚರ್ಚು, ಇದು ಬಾವಿ, ಇದು ಪಾದ್ರಿ ಜಾರಿ ಬಿದ್ದ ಮೆಟ್ಟಿಲು. ಈ ಬಾಗಿಲಿನ ಮನೆಯವರಿಗೆ "ಬೆಕ್ಕಿಗೆ ಹೆದರಿದವರು" ಎಂದು ಹೆಸರು. ಏಕೆ ಎಂದು ಕೇಳಿದರೆ ಅದೊಂದು ದೊಡ್ಡ ಕಥೆ ಅಂದರು. ಹೇಳಿದರು ಕೂಡ. ಮಿರ್ಚಿ ತಣ್ಣಗಾದವು.

ಹಳೆಯ ಒಲೆಯ ಚಿತ್ರ ಬಂತು. ಈಗ ಅದನ್ನು ಒಂದು ಪುಟ್ಟ ಮ್ಯೂಸಿಯಂ ಮಾಡಿದ್ದಾರಂತೆ. ದಾನಮ್ಮ ಒಂದು ದಿನವೂ ಅದರೊಳಗೆ ಕಾಲಿಟ್ಟಿರಲಿಲ್ಲ. ತಾವು ದಿನಾ ಬೂದಿ ಬಳಿದ ಜಾಗಕ್ಕೆ ಟಿಕೆಟು ಕೊಟ್ಟು ಯಾರು ಹೋಗುತ್ತಾರೆ ಎಂಬುದು ಅವರ ವಾದ. ನಾನು ಮುಂದಿನ ಫೋಟೋ ಸರಿಸಿದೆ. ಗಾಜಿನ ಪೆಟ್ಟಿಗೆ, ಒಳಗೆ ಸಾಲಾಗಿ ಮರದ ಮುದ್ರೆಗಳು.

ದಾನಮ್ಮ ಎದ್ದರು. ಮಂಡಕ್ಕಿಯ ತಟ್ಟೆ ನೆಲಕ್ಕೆ ಬಿತ್ತು. ಟಿವಿಯ ಹತ್ತಿರ ಹೋಗಿ ಮೂಲೆಯಲ್ಲಿದ್ದ ಒಂದು ಮುದ್ರೆಯ ಮೇಲೆ ಬೆರಳಿಟ್ಟರು. ಅದರ ಹಿಡಿಕೆ ಒಂದು ಹುಂಜ. ಬಾಲದ ತುದಿ ಮುರಿದಿತ್ತು. ಕೆಳಗಿನ ಚೀಟಿಯನ್ನು ವಿಟೋ ದೊಡ್ಡದು ಮಾಡಿ ಓದಿದ: ಬ್ರೆಡ್ಡಿನ ಮುದ್ರೆ, ಮನೆತನ ತಿಳಿದಿಲ್ಲ.

ಕಳ್ಳ ಯಾರೆಂದು ಪತ್ತೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಿಟೋನೇ ನೆನಪು ಮಾಡಿಕೊಂಡ. ಮ್ಯೂಸಿಯಂನವರು ಹಳೇ ಸಾಮಾನು ಕೇಳಿಕೊಂಡು ಮನೆ ಮನೆಗೆ ಬಂದಿದ್ದಾಗ ಅವನ ಅಪ್ಪ ಉಗ್ರಾಣ ಖಾಲಿಯಾದರೆ ಸಾಕೆಂದು ಒಂದು ಗೋಣಿಚೀಲ ಎತ್ತಿ ಕೊಟ್ಟಿದ್ದ. ಒಳಗೆ ಏನಿದೆ ಎಂದು ನೋಡಿರಲಿಲ್ಲ. ಅತ್ತೆಯ ಪೆಟ್ಟಿಗೆಯ ಸಾಮಾನೂ ಅದರಲ್ಲೇ ಸೇರಿತ್ತು. ಪಾಪ, ಆತ ತೀರಿಕೊಂಡು ಆಗಲೇ ಕೆಲವು ವರ್ಷ. ಹೆಂಡತಿ ಮತ್ತು ನಾದಿನಿಯ ಜಗಳ ಬಿಡಿಸಲು ಕೊನೆಯವರೆಗೂ ಒದ್ದಾಡಿದ ಮನುಷ್ಯ ಆತನೇ ಅಂತೆ.

ದಾನಮ್ಮ ಸೋಫಾದ ಮೇಲೆ ಕೂತು ತಮ್ಮ ಗಂಡನನ್ನು ಬಹಳ ಹೊತ್ತು ಬೈದರು. ವಿಟೋ ಅದನ್ನು ಅನುವಾದ ಮಾಡಲಿಲ್ಲ. ತಂಗಿಗೆ ಫೋನು ಮಾಡಿ ಎಂದು ನಾವೆಲ್ಲ ಹೇಳಿದೆವು. ಅವರು ತಲೆ ಅಲ್ಲಾಡಿಸಿದರು. ಇಷ್ಟು ವರ್ಷ ಯಾರನ್ನು ಕಳ್ಳಿ ಎಂದು ಊರೆಲ್ಲ ಹೇಳಿದೆನೋ ಅವಳಿಗೆ ಈಗ ನನ್ನ ಗಂಡನೇ ಕೊಟ್ಟಿದ್ದ ಎಂದು ಯಾವ ಮುಖದಿಂದ ಹೇಳಲಿ ಎಂದರಂತೆ. ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಲ್ಕಾರು ದಿನ ಈಜುಕೊಳದ ಹತ್ತಿರವೂ ಬರಲಿಲ್ಲ.

ಅವ್ವನಿಗೆ ಕಾರಣ ಸ್ಪಷ್ಟವಾಗಿ ತಿಳಿದಿತ್ತು. ಯಾರೋ ಅಕ್ಕತಂಗಿಯರ ಮೇಲೆ ಕಣ್ಣು ಹಾಕಿದ್ದಾರೆ. ತನಗೆ ಎಣ್ಣೆ ಬಿಟ್ಟು ದೃಷ್ಟಿ ತೆಗೆದವರಿಗೆ ತಾನು ತೆಗೆಯದಿದ್ದರೆ ಹೇಗೆ? ಒಂದು ಶನಿವಾರ ಸಂಜೆ ನಾವೆಲ್ಲ ಚಹಾ ಕುಡಿಯುತ್ತಿದ್ದಾಗ ಅವ್ವ ಉಪ್ಪು, ಸಾಸಿವೆ ಹಿಡಿದು ಪಕ್ಕದ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಮೆಣಸಿನಕಾಯಿಯನ್ನು ಅವರದೇ ಸರದಿಂದ ಕಿತ್ತುಕೊಂಡಳು, ಅವರ ಮನೆಯ ದೃಷ್ಟಿಗೆ ಅವರ ಮನೆಯದೇ ಆಗಬೇಕಂತೆ. ದಾನಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಇಳಿ ತೆಗೆದು ಎಲ್ಲವನ್ನೂ ಒಲೆಯ ಮೇಲೆ ಕಾದ ಬಾಣಲೆಗೆ ಹಾಕಿದಳು.

ನಿಮಗೆ ಗೊತ್ತಿರುವಂತೆ ಈ ಪರೀಕ್ಷೆಯ ನಿಯಮ ವಿಚಿತ್ರ. ಘಾಟು ಬಂದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಇದೆ. ಸಿಟ್ಟೇ ಬಾರದ ಆ ಇಟಲಿಯ ಕಾಯಿಯಿಂದ ಘಾಟು ಎಲ್ಲಿಂದ ಬರಬೇಕು? ಬಾಣಲೆಯಿಂದ ಒಳ್ಳೆಯ ಅಡುಗೆಯ ಪರಿಮಳ ಎದ್ದಿತು. ಅವ್ವನ ಮುಖ ಬಿಳಿಚಿತು. ಇಂಥಾ ದೃಷ್ಟಿ ತನ್ನ ಜನ್ಮದಲ್ಲಿ ನೋಡಿಲ್ಲ ಎಂದಳು. ಅದು ಆ ಕಾಯಿಯ ಗುಣ ಎಂದು ನಾನು ವಿವರಿಸುವಷ್ಟರಲ್ಲಿ ನಮ್ಮ ಮನೆಗೆ ಹೋಗಿ, ಸಾರಿನ ಪುಡಿಗೆಂದು ತಂದಿದ್ದ ಗುಂಟೂರು ಮೆಣಸಿನಕಾಯಿಯನ್ನು ಎರಡು ಕೈ ತುಂಬ ತಂದು ಸುರಿದಳು.

ಮುಂದಿನದು ಬೇಗ ಆಯಿತು. ವಿಟೋ ಕೆಮ್ಮುತ್ತಾ ಮುಂಬಾಗಿಲು ತೆರೆದ. ಅದೇ ತಪ್ಪಾಯಿತು, ಹೊಗೆ ಮೊಗಸಾಲೆಗೆ ಇಳಿಯಿತು. ಬಾಗಿಲುಗಳು ತೆರೆದುಕೊಂಡವು. ಯಾರೋ ವಿಷಾನಿಲವೆಂದರು. ಯಾರೋ ಕಣ್ಣೊರೆಸಿಕೊಳ್ಳುತ್ತಾ ಗೋಡೆಯ ಮೇಲಿನ ಗಾಜು ಒಡೆದು ಗುಂಡಿ ಒತ್ತಿದರು. ಇಡೀ ಕಟ್ಟಡ ಕಿರುಚತೊಡಗಿತು. ಸವಿತಾ ಒಲೆ ಆರಿಸಿ ಬಂದಳು, ಅನನ್ಯಾ ಅಜ್ಜಿಯ ಕೈ ಹಿಡಿದಳು, ಎಲ್ಲರೂ ಮೆಟ್ಟಿಲು ಹಿಡಿದು ಕೆಳಗಿಳಿದೆವು. ನಮ್ಮ ಜತೆ ಸೀನುತ್ತಾ ಕೆಮ್ಮುತ್ತಾ ಅಷ್ಟೂ ಮಹಡಿಯ ಸಂಸಾರಗಳು, ಅರ್ಧ ಸ್ನಾನವಾದ ಒಬ್ಬ ಕೊರಿಯಾದವನು, ಬೋನಿನೊಳಗೊಂದು ಹಕ್ಕಿ.

ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅವ್ವ ಮಾತ್ರ ನಿರಾಳವಾಗಿದ್ದಳು. ಘಾಟು ಬಂತಲ್ಲ, ದೃಷ್ಟಿ ಹೋಯಿತು. ರಹೀಮ್ ನನ್ನ ಹತ್ತಿರ ಬಂದು ಮೂಗೊರೆಸಿಕೊಂಡು, "ಆಂಟಿ ಮಸಾಕ್?" ಅಂದ. ಅಂದರೆ ಆಂಟಿಯ ಅಡುಗೆಯಾ ಎಂದು. ನಾನು ಆಕಾಶ ನೋಡಿದೆ.

ಅಷ್ಟರಲ್ಲಿ ಕೆಂಪು ಲಾರಿ ಬಂತು. ಮಲೇಷ್ಯಾದಲ್ಲಿ ಬೆಂಕಿ ಆರಿಸುವವರಿಗೆ ಬೊಂಬಾ ಎನ್ನುತ್ತಾರೆ. ಲಾರಿಯ ಮೈಮೇಲೆ ಆಳೆತ್ತರದ ಅಕ್ಷರದಲ್ಲಿ ಅದನ್ನೇ ಬರೆದಿರುತ್ತದೆ. ದಿನಾ ನೋಡಿ ನಮಗದು ರೂಢಿ. ದುರದೃಷ್ಟವೆಂದರೆ ಇಟಲಿಯ ಮಾತಿನಲ್ಲಿ ಬೊಂಬಾ ಅಂದರೆ ಬಾಂಬು. ದಾನಮ್ಮ ಆ ಅಕ್ಷರಗಳನ್ನು ಓದಿ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು, "ಬೊಂಬಾ" ಎಂದು ಚೀರಿದರು. ಅವ್ವನಿಗೂ ಅದು ಅನುವಾದವಿಲ್ಲದೆ ತಿಳಿಯಿತು. "ಬಾಂಬ ಐತೇನೋ?" ಎಂದು ನನ್ನ ತೋಳು ಹಿಡಿದಳು. ಎರಡು ತಿಂಗಳ ಗೆಳೆತನದಲ್ಲಿ ಇಬ್ಬರಿಗೂ ಸಮನಾಗಿ ಅರ್ಥವಾದ ಮೊದಲ ಶಬ್ದ ಅದೇ ಇರಬೇಕು.

ವಿಟೋ ತಾಯಿಗೆ ವಿವರಿಸಲು ಶುರುಮಾಡಿದ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮಗನ ಅಂಗಿ ಹಿಡಿದು ಒಂದೇ ಸಮನೆ ಏನೋ ಹೇಳಿದರು. ವಿಟೋ ಥಟ್ಟನೆ ವಿವರಿಸುವುದನ್ನು ನಿಲ್ಲಿಸಿದ. ನನ್ನತ್ತ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದ. ಅವನ ತುಟಿಯ ತುದಿಯಲ್ಲಿ ಏನೋ ಕದಲಿದ್ದನ್ನು ಕಂಡೆ. ಅವರು ಹೇಳಿದ್ದು ಇಷ್ಟು: ಸಾಯುವ ಮೊದಲು ಕಾರ್ಮೆಲಾಳಿಗೆ ಹೇಳಬೇಕು, ಮುದ್ರೆ ಮ್ಯೂಸಿಯಂನಲ್ಲಿದೆ ಅಂತ.

ಅಲ್ಲಿ ಆಗ ಬೆಳಗ್ಗೆ. ವಿಡಿಯೋದಲ್ಲಿ ಒಬ್ಬ ಮುದುಕಿಯ ಮುಖ ಬಂತು. ದಾನಮ್ಮನದೇ ಮುಖ, ಸ್ವಲ್ಪ ಸಣ್ಣದು, ಸ್ವಲ್ಪ ಸಿಡುಕು. ಅಕ್ಕನ ಮಗನ ಕರೆಯೆಂದು ನಗುತ್ತಾ ಎತ್ತಿದವಳು ಅಕ್ಕನನ್ನು ಕಂಡು ತುಟಿ ಬಿಗಿದಳು. ಅವಳ ಹಿಂದೆ ಹಗ್ಗ ಕಟ್ಟಿದ ಪೆಟ್ಟಿಗೆಗಳಿದ್ದವು. ಇಬ್ಬರೂ ಹಾಗೇ ನೋಡುತ್ತಾ ನಿಂತರು. ಈಗ ಕರೆ ಕತ್ತರಿಸಿಬಿಡುತ್ತಾಳೆ ಎಂದುಕೊಂಡೆ. ಆಗ ದಾನಮ್ಮನ ಹಿಂದಿನಿಂದ ಆ ಕೆಂಪು ಲಾರಿ ಮೆಲ್ಲಗೆ ಹಾದುಹೋಯಿತು, ಆಳೆತ್ತರದ ಅಕ್ಷರಗಳ ಸಮೇತ.

ಕಾರ್ಮೆಲಾ ಕೂಗಿದ ಕೂಗಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ವಿಟೋನ ಆ ಮುತ್ತಜ್ಜ ದಾನಮ್ಮನ ಗಂಡನ ಕಡೆಯವನಂತೆ. ಆದರೆ ಗಂಟೆ ನುಂಗುವ ಶಕ್ತಿ ಈ ಕಡೆಗೂ ಇತ್ತು.

"ಬದುಕಿದ್ದೀಯಾ?" ಎಂದು ಕೇಳಿದಳಂತೆ. "ಡೊನಾ, ಬದುಕಿದ್ದೀಯಾ? ನನ್ನನ್ನು ಬಿಟ್ಟು ಅಲ್ಲಿಗೇಕೆ ಹೋದೆ?"

ದಾನಮ್ಮ ಅತ್ತರು. ಕಾರ್ಮೆಲಾ ಅತ್ತಳು. ಅವ್ವ ಫೋನಿನೊಳಗೆ ಮುಖ ತೂರಿಸಿ, "ಕಮಲಾ, ಅಳಬ್ಯಾಡವಾ, ನಿಮ್ಮ ಅಕ್ಕ ಆರಾಮ ಅದಾಳ, ಆದರ ನೀ ಇಷ್ಟ ದಿನ ಮಾತಾಡದ ಇದ್ದದ್ದು ಚಲೋ ಮಾಡಲಿಲ್ಲ" ಎಂದು ಬೈದಳು. ಕಾರ್ಮೆಲಾ ಅವ್ವನಿಗೂ ಒಂದು ಉತ್ತರ ಕೊಟ್ಟಳು. ಏನೆಂದು ವಿಟೋ ಹೇಳಲಿಲ್ಲ.

ಮುದ್ರೆಯ ಕಥೆ ಹೇಳಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಾರ್ಮೆಲಾ ನಗತೊಡಗಿದಳು. ಭಾವನ ಹೆಸರು ಹೇಳಿ ನಗುತ್ತಾ ಪೆಟ್ಟಿಗೆಯ ಮೇಲೆ ಕೂತಳು. ದಾನಮ್ಮನೂ ನಕ್ಕರು. ಕಣ್ಣಲ್ಲಿ ಇನ್ನೂ ಗುಂಟೂರಿನ ನೀರಿತ್ತು. ಎಲ್ಲ ಸುಖವಾಯಿತು ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಅಕ್ಕತಂಗಿಯರ ದನಿ ಮತ್ತೆ ಏರಿತು. ಏನಾಯಿತು ಎಂದು ಗಾಬರಿಯಿಂದ ವಿಟೋನನ್ನು ಕೇಳಿದೆ.

"ಚಿಕ್ಕವರಿದ್ದಾಗ ಹುಂಜದ ಬಾಲ ಮುರಿದದ್ದು ಯಾರು ಅಂತ" ಎಂದ. "ಏಟು ತಿಂದದ್ದು ನನ್ನ ಅಮ್ಮನಂತೆ. ಮುರಿದದ್ದು ಚಿಕ್ಕಮ್ಮನಂತೆ. ಚಿಕ್ಕಮ್ಮ ಒಪ್ಪುತ್ತಿಲ್ಲ."

ಬೆಂಕಿಯವರು ಮೇಲೆ ಹೋಗಿ ಬಾಣಲೆ ನೋಡಿ, ಸೀನಿ, ಕೆಳಗೆ ಬಂದರು. ಅವರ ಹಿರಿಯ ನನಗೆ ಒಂದಿಷ್ಟು ಬುದ್ಧಿ ಹೇಳಿದ. ನಾನು ನನ್ನ ಎಲ್ಲ ಹೆಸರುಗಳ ಪರವಾಗಿ ಕ್ಷಮೆ ಕೇಳಿದೆ. ಇನ್ನು ಎಲ್ಲರೂ ಮನೆಗೆ ಹೋಗಬಹುದು ಎಂದರು. ಜನ ಲಿಫ್ಟಿನ ಕಡೆ ಹೊರಟರು. ದಾನಮ್ಮ ಫೋನು ಹಿಡಿದು ಮಾತಾಡುತ್ತಲೇ ಲಿಫ್ಟಿನ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಲಿಫ್ಟಿನೊಳಗೆ ನೆಟ್‌ವರ್ಕ್ ಹೋಗುತ್ತದೆ, ಅದು ಅವರಿಗೆ ಗೊತ್ತಿತ್ತು. ವಿಟೋ ಅರ್ಧ ನಿಮಿಷದ ಮಾತು, ಮೇಲೆ ಹೋಗಿ ಮತ್ತೆ ಮಾಡಿದರಾಯಿತು ಎಂದ. ಅವರು ಮಗನನ್ನು ಒಮ್ಮೆ ನೋಡಿ ಮೆಟ್ಟಿಲಿನ ಕಡೆ ತಿರುಗಿದರು.

"ನಾನೂ ಬರ್ತೇನಿ" ಎಂದು ಅವ್ವ ಸೀರೆಯ ನೆರಿಗೆ ಎತ್ತಿ ಹಿಂದೆ ಹೊರಟಳು.

ಹೀಗೆ ನಾವು ಮಹಡಿ ಹತ್ತಿದೆವು. ಮುಂದೆ ದಾನಮ್ಮ, ಕೈಯಲ್ಲಿ ಕಾರ್ಮೆಲಾ, ಪಕ್ಕದಲ್ಲಿ ಅವ್ವ. ಹಿಂದೆ ನಾನು ಮತ್ತು ವಿಟೋ, ರಹೀಮ್ ಕೊಟ್ಟ ಎರಡು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು. ತಿರುವು ಬಂದಲ್ಲೆಲ್ಲ ಕುರ್ಚಿ ಹಾಕುತ್ತಿದ್ದೆವು, ಅವರು ಕೂರುತ್ತಿರಲಿಲ್ಲ. ನಾವೇ ಕೂರುತ್ತಿದ್ದೆವು. ನಡುವೆ ಎಲ್ಲೋ ಹುಂಜದ ಬಾಲದ ವಿಷಯ ತಣ್ಣಗಾಯಿತು. ದಾನಮ್ಮ ದನಿ ತಗ್ಗಿಸಿ ಏನೋ ಕೇಳಿದರು. ವಿಟೋ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಆ ಪೆಟ್ಟಿಗೆಗಳ ವಿಷಯ ಕೇಳುತ್ತಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಆಮೇಲೆ ಕಾರ್ಮೆಲಾಳ ಮಾತು ಕೇಳಿಸಿತು, ಮೆಲ್ಲಗೆ. ನೀನು ಬರುವವರೆಗೆ ಹಗ್ಗ ಬಿಚ್ಚಿಡುತ್ತೇನೆ, ಆಮೇಲೆ ನೋಡೋಣ ಅಂದಳಂತೆ.

ಏಳನೆಯ ಮಹಡಿಯಲ್ಲಿ ಫೋನು ಕುಂಯ್ ಎಂದಿತು. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ವಿಟೋ ಕುರ್ಚಿಯನ್ನು ನನ್ನ ತಲೆಯ ಮೇಲೆ ಹೊರಿಸಿ, ಚಾರ್ಜರು ತರಲು ಎರಡೆರಡು ಮೆಟ್ಟಿಲು ಹಾರುತ್ತಾ ಮೇಲಕ್ಕೆ ಓಡಿದ. ದಾನಮ್ಮ ಆಗಷ್ಟೇ ಸುಸ್ತಾದವರಂತೆ ಗೋಡೆ ಹಿಡಿದರು. ಅವ್ವ ಮೆಟ್ಟಿಲಿನ ಮೇಲೆ ಕೂತು, ಸೆರಗಿನಿಂದ ಪಕ್ಕದ ಜಾಗ ಒರೆಸಿ, ಅವರಿಗೆಂದು ಸರಿದು ಕೂತಳು.